ಆಕಾಶಮಾರ್ಗದ ಟಪಾಲು ತಂದ ಧೀರ: ಜೆ. ಆರ್. ಡಿ. ಟಾಟಾ

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ನಮ್ಮ ಆದೋನಿ, ಆಲೂರು ಸೀಮೆಗಳೆಲ್ಲ ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವೆಂದು ಅವರು ಹೇಳುತ್ತಾರೆ. 1953ನೆಯ ಇಸವಿ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಈ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾದವು. ಅದಕ್ಕೂ ಮೊದಲು ನಮ್ಮ ಪೆದ್ದಹರಿವಾಣದವರಿಗೆ ಜಿಲ್ಲಾ ಕಚೇರಿಯ ಕೆಲಸವೆಂದರೆ ಬಳ್ಳಾರಿಯೇ ದಿಕ್ಕಾಗಿತ್ತು. ಅಂಥ ಬಳ್ಳಾರಿಯ ಬಯಲಿಗೆ 1932ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಒಂದು ಪುಟ್ಟ ವಿಮಾನ ಬಂದಿಳಿಯಿತು. ಅದರಲ್ಲಿ ಪ್ರಯಾಣಿಕರ ಗದ್ದಲವಿರಲಿಲ್ಲ. ಇದ್ದದ್ದು ಟಪಾಲಿನ ಚೀಲಗಳು. ಕರಾಚಿಯಿಂದ ಹೊರಟು, ಅಹಮದಾಬಾದು ಮತ್ತು ಮುಂಬಯಿಗಳನ್ನು ದಾಟಿ, ಬಳ್ಳಾರಿಯ ಮೂಲಕ ಮದರಾಸಿಗೆ ಹೋಗುತ್ತಿದ್ದ ಟಪಾಲು ಅದು. ಈ ಮಾರ್ಗವನ್ನು ತೆರೆದವರು ಜೆ. ಆರ್. ಡಿ. ಟಾಟಾ ಅವರು. ಅವರನ್ನು ನಾವು ದೊಡ್ಡ ಉದ್ಯಮಿಯೆಂದು ಬಲ್ಲೆವು. ಆದರೆ ಅವರು ತಮ್ಮ ಕೈಯಿಂದಲೇ ವಿಮಾನ ನಡೆಸಿದ ಕುಶಲ ಚಾಲಕರೂ ಆಗಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಕೆನಡಾದ ಹಿಮಪ್ರದೇಶಗಳಲ್ಲಿ, ಅಲಾಸ್ಕಾದ ಕಣಿವೆಗಳಲ್ಲಿ, ನ್ಯೂಗಿನಿಯ ಬೆಟ್ಟಗಳಲ್ಲಿ ಪುಟ್ಟ ವಿಮಾನಗಳನ್ನು ನಡೆಸುವ ಒಂದು ವರ್ಗದ ಚಾಲಕರಿದ್ದಾರೆ. ಅವರಿಗೆ ಸಿಮೆಂಟಿನ ಓಡುದಾರಿ ಬೇಕಿಲ್ಲ. ನದಿಯ ದಂಡೆ, ಹುಲ್ಲುಗಾವಲು, ಹೆಪ್ಪುಗಟ್ಟಿದ ಕೆರೆ, ಯಾವುದಾದರೂ ಸರಿ, ಅಲ್ಲಿ ವಿಮಾನವನ್ನು ಇಳಿಸಿ ಔಷಧ, ಅಂಚೆ, ಆಹಾರಗಳನ್ನು ತಲಪಿಸುತ್ತಾರೆ. ಇಂಗ್ಲಿಷಿನಲ್ಲಿ ಅವರನ್ನು ಬುಷ್ ಪೈಲಟ್‌ಗಳೆಂದು ಕರೆಯುತ್ತಾರೆ. ನಮ್ಮ ದೇಶದಲ್ಲಿ ವಿಮಾನ ಸಂಚಾರ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಎಲ್ಲ ಚಾಲಕರೂ ಹೆಚ್ಚು ಕಡಿಮೆ ಹೀಗೆಯೇ ಹಾರಬೇಕಾಗಿತ್ತು. ಆ ಕಷ್ಟದ ವಿದ್ಯೆಯನ್ನು ಕಲಿತು, ಅದರಿಂದ ದೇಶಕ್ಕೆ ಉಪಕಾರ ಮಾಡಿದ ಜೆ. ಆರ್. ಡಿ. ಅವರ ಬಾಳನ್ನು ಈಗ ನೋಡೋಣ.

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ ಅವರು ಹುಟ್ಟಿದ್ದು 1904ನೆಯ ಇಸವಿ ಜುಲೈ 29ರಂದು, ಫ್ರಾನ್ಸಿನ ರಾಜಧಾನಿ ಪ್ಯಾರಿಸಿನಲ್ಲಿ. ತಂದೆ ರತನ್‌ಜಿ ದಾದಾಭಾಯ್ ಟಾಟಾ ಅವರು ಉಕ್ಕಿನ ಕಾರ್ಖಾನೆಯ ಕನಸು ಕಂಡ ಜಮ್‌ಶೇಟ್‌ಜಿ ಟಾಟಾ ಅವರ ಬಂಧುಗಳು, ವ್ಯವಹಾರದಲ್ಲಿ ಅವರ ಪಾಲುದಾರರು. ತಾಯಿ ಸುಜಾನ್ ಫ್ರೆಂಚ್ ಮಹಿಳೆ. ಮದುವೆಯಾದ ಮೇಲೆ ಸೂನಿ ಎಂಬ ಹೆಸರು ಪಡೆದರು. ಹೀಗಾಗಿ ಬಾಲಕನ ಮನೆಮಾತು ಫ್ರೆಂಚ್ ಆಯಿತು. ಶಾಲೆಯ ಪಾಠಗಳೂ ಬಹುಪಾಲು ಆ ಭಾಷೆಯಲ್ಲಿಯೇ ನಡೆದವು.

ಬೇಸಗೆಯ ರಜೆಯನ್ನು ಈ ಕುಟುಂಬ ಫ್ರಾನ್ಸಿನ ಉತ್ತರ ಕರಾವಳಿಯ ಆರ್ಡೆಲೋ ಎಂಬಲ್ಲಿ ಕಳೆಯುತ್ತಿತ್ತು. ಅಲ್ಲಿ ಲೂಯಿ ಬ್ಲೇರಿಯೋ ಎಂಬುವರ ಮನೆಯೂ ಇತ್ತು. 1909ನೆಯ ಇಸವಿ ಜುಲೈ 25ರಂದು ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಲೋಕವನ್ನೇ ಬೆರಗುಗೊಳಿಸಿದ ವೀರ ಈ ಬ್ಲೇರಿಯೋ. ಆರ್ಡೆಲೋದ ಮರಳದಂಡೆಯ ಮೇಲೆ ವಿಮಾನಗಳು ಇಳಿಯುವುದನ್ನೂ ಏರುವುದನ್ನೂ ಬಾಲಕ ಜಹಾಂಗೀರ ಕಣ್ಣರಳಿಸಿ ನೋಡಿದ. ಹದಿನೈದರ ವಯಸ್ಸಿನಲ್ಲಿ ಅಲ್ಲಿಯೇ ಒಮ್ಮೆ ವಿಮಾನದಲ್ಲಿ ಕುಳಿತು ಆಕಾಶಕ್ಕೇರುವ ಭಾಗ್ಯವೂ ಒದಗಿತು. ತಾನೂ ಒಂದು ದಿನ ಹೀಗೆ ಹಾರಬೇಕೆಂಬ ಹಂಬಲ ಅಂದು ಅವನ ಎದೆಯಲ್ಲಿ ಬೇರೂರಿತು.

ಆದರೆ ಹಂಬಲ ಕೈಗೂಡಲು ಹತ್ತು ವರ್ಷ ಕಾಯಬೇಕಾಯಿತು. 1923ರಲ್ಲಿ ತಾಯಿ ತೀರಿಕೊಂಡರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದಬೇಕೆಂಬ ಆಸೆಯಿಂದ ತರುಣ ಜಹಾಂಗೀರ ಇಂಗ್ಲೆಂಡಿಗೆ ಹೋಗಿ ಇಂಗ್ಲಿಷ್ ಭಾಷೆಯನ್ನು ಶ್ರಮವಹಿಸಿ ಕಲಿಯತೊಡಗಿದ. ಅಷ್ಟರಲ್ಲಿ ಫ್ರಾನ್ಸಿನ ಕಾನೂನಿನಂತೆ ಒಂದು ವರ್ಷ ಸೈನ್ಯದಲ್ಲಿ ಸೇವೆ ಮಾಡಬೇಕಾಯಿತು. ಸೇವೆಯ ಅವಧಿ ಮುಗಿದಾಗ ಅಲ್ಲಿಯೇ ಮುಂದುವರಿಯುವ ಮನಸ್ಸಿತ್ತು. ತಂದೆ ಒಪ್ಪಲಿಲ್ಲ, ಭಾರತಕ್ಕೆ ಬರಹೇಳಿದರು. ಮುಂದೆ ಅದೇ ಸೈನ್ಯದಳ ಮೊರಾಕೋದ ಯುದ್ಧದಲ್ಲಿ ನಾಶವಾಯಿತು. ತಂದೆಯ ಮಾತು ಮಗನ ಪ್ರಾಣ ಉಳಿಸಿತು. 1925ರ ಕೊನೆಯಲ್ಲಿ ಮುಂಬಯಿಗೆ ಬಂದು ಟಾಟಾ ಸಂಸ್ಥೆಯಲ್ಲಿ ಸಂಬಳವಿಲ್ಲದ ಉಮೇದುವಾರನಾಗಿ ಸೇರಿದಾಗ ಅವನಿಗೆ ಇಪ್ಪತ್ತೊಂದು ವರ್ಷ. ಮರುವರ್ಷವೇ ತಂದೆಯೂ ಕಾಲವಾದರು. ತಮ್ಮ ತಂಗಿಯರ ಹೊಣೆ ಹೆಗಲಿಗೆ ಬಿತ್ತು. ಕೇಂಬ್ರಿಜಿನ ಆಸೆ ಅಲ್ಲಿಗೇ ಮುಗಿಯಿತು. ವಿಶ್ವವಿದ್ಯಾನಿಲಯದ ಪದವಿಯಿಲ್ಲದ ಆ ತರುಣ ಕೆಲಸ ಮಾಡುತ್ತಲೇ, ರಾತ್ರಿ ಪುಸ್ತಕಗಳನ್ನು ಓದುತ್ತಲೇ ತನ್ನ ವಿದ್ಯೆಯನ್ನು ತಾನೇ ಪೂರೈಸಿಕೊಂಡ. 1929ರಲ್ಲಿ ಫ್ರೆಂಚ್ ಪೌರತ್ವವನ್ನು ಬಿಟ್ಟು ಭಾರತದವನಾದ.

ಅದೇ ಸುಮಾರಿಗೆ ಮುಂಬಯಿಯ ಜುಹೂ ಬಯಲಿನಲ್ಲಿ ವಿಮಾನ ಕಲಿಸುವ ಕ್ಲಬ್ಬು ಪ್ರಾರಂಭವಾಯಿತು. ಜೆ. ಆರ್. ಡಿ. ತಡಮಾಡದೆ ಸೇರಿದರು. ಗುರುವಿನ ಜೊತೆಯಲ್ಲಿ ಕುಳಿತು ಕಲಿತದ್ದು ಕೇವಲ ಮೂರು ಗಂಟೆ ನಲವತ್ತೈದು ನಿಮಿಷ. ಅನಂತರ ಒಬ್ಬರೇ ವಿಮಾನವನ್ನು ಏರಿಸಿ, ಸುತ್ತುಹಾಕಿ, ಸುರಕ್ಷಿತವಾಗಿ ಇಳಿಸಿದರು. 1929ನೆಯ ಇಸವಿ ಫೆಬ್ರವರಿ 10ರಂದು ಅವರ ಕೈಗೆ ಬಂದ ಚಾಲಕರ ಪರವಾನಗಿಯ ಮೇಲೆ ಒಂದು ಎಂಬ ಸಂಖ್ಯೆಯಿತ್ತು. ಭಾರತದಲ್ಲಿ ಕೊಡಲಾದ ಮೊದಲ ಪರವಾನಗಿಯೇ ಅದು.

ಮರುವರ್ಷ ಒಂದು ಪರೀಕ್ಷೆ ಎದುರಾಯಿತು. ಇಂಗ್ಲೆಂಡಿನಿಂದ ಭಾರತಕ್ಕೆ, ಇಲ್ಲವೇ ಭಾರತದಿಂದ ಇಂಗ್ಲೆಂಡಿಗೆ, ಗೊತ್ತುಪಡಿಸಿದ ಅವಧಿಯೊಳಗೆ ಏಕಾಕಿಯಾಗಿ ಹಾರುವ ಮೊದಲ ಭಾರತೀಯನಿಗೆ ಐದು ನೂರು ಪೌಂಡು ಬಹುಮಾನ ಕೊಡುವುದಾಗಿ ಆಗಾ ಖಾನ್ ಅವರು ಸಾರಿದ್ದರು. 1930ರ ಮೇ ತಿಂಗಳಿನಲ್ಲಿ ಜೆ. ಆರ್. ಡಿ. ಕರಾಚಿಯಿಂದ ಪಶ್ಚಿಮಕ್ಕೆ ಹೊರಟರು. ಅತ್ತ ಇಂಗ್ಲೆಂಡಿನಿಂದ ಆಸ್ಪಿ ಇಂಜಿನಿಯರ್ ಎಂಬ ಹದಿನೇಳು ವರ್ಷದ ಹುಡುಗ ಪೂರ್ವಕ್ಕೆ ಹೊರಟಿದ್ದ. ಇಬ್ಬರೂ ಈಜಿಪ್ಟಿನ ಅಬೂಕೀರ್ ಎಂಬ ವಿಮಾನ ನಿಲ್ದಾಣದಲ್ಲಿ ಎದುರಾದರು. ಆಸ್ಪಿಯ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳು ಕೆಟ್ಟು, ಬದಲಿಗೆ ಬೇರೆ ಸಿಗದೆ, ಹುಡುಗ ಅಲ್ಲಿಯೇ ಸಿಕ್ಕಿಬಿದ್ದಿದ್ದ. ಬಹುಮಾನಕ್ಕೆ ಸ್ಪರ್ಧಿಸುತ್ತಿರುವ ಎದುರಾಳಿ ಅವನು. ಕಂಡೂ ಕಾಣದಂತೆ ಹೊರಟುಹೋಗಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ಜೆ. ಆರ್. ಡಿ. ಹಾಗೆ ಮಾಡಲಿಲ್ಲ. ಮುಂಜಾಗ್ರತೆಗೆಂದು ತಾವು ತಂದಿದ್ದ ಪ್ಲಗ್ಗುಗಳನ್ನು ಅವನಿಗೆ ಕೊಟ್ಟರು. ಇಬ್ಬರೂ ತಮ್ಮ ತಮ್ಮ ದಿಕ್ಕಿಗೆ ಹಾರಿದರು. ಕೆಲವೇ ಗಂಟೆಗಳ ಅಂತರದಲ್ಲಿ ಆಸ್ಪಿ ಗೆದ್ದ, ಜೆ. ಆರ್. ಡಿ. ಸೋತರು. ಆ ಹುಡುಗ ಮುಂದೆ ಸ್ವತಂತ್ರ ಭಾರತದ ವಾಯುಸೇನೆಯ ಮುಖ್ಯಸ್ಥನಾಗಿ 1960ರಿಂದ 1964ರವರೆಗೆ ಸೇವೆ ಸಲ್ಲಿಸಿದ. ಕೊಟ್ಟ ಪ್ಲಗ್ಗುಗಳು ವ್ಯರ್ಥವಾಗಲಿಲ್ಲವೆಂದು ನಾವು ಸಂತೋಷಪಡಬಹುದು.

ಇನ್ನು ಅಂಚೆಯ ಕಥೆ. 1929ರಿಂದ ಲಂಡನ್ನಿನ ಟಪಾಲು ವಿಮಾನದಲ್ಲಿ ಕರಾಚಿಯವರೆಗೆ ಬರುತ್ತಿತ್ತು. ಅಲ್ಲಿಂದ ಮುಂಬಯಿಗೂ ದಕ್ಷಿಣ ದೇಶಕ್ಕೂ ರೈಲೇ ಗತಿ. ಸಾವಿರಾರು ಮೈಲಿ ಹಾರಿ ಬಂದ ಕಾಗದ ಕೊನೆಯ ಹಾದಿಯಲ್ಲಿ ತೆವಳುತ್ತಿತ್ತು. ನೆವಿಲ್ ವಿನ್ಸೆಂಟ್ ಎಂಬ ದಕ್ಷಿಣ ಆಫ್ರಿಕಾ ಮೂಲದ ಚಾಲಕನಿಗೆ ಇದು ಹೊಳೆಯಿತು. ಬ್ರಿಟಿಷ್ ವಾಯುಸೇನೆಯಲ್ಲಿ ಹೆಸರು ಮಾಡಿದ ಈತ 1929ರಲ್ಲಿ ಭಾರತಕ್ಕೆ ಬಂದು, ಊರೂರು ಸುತ್ತಿ ಜನರನ್ನು ವಿಮಾನದಲ್ಲಿ ಕೂರಿಸಿ ಹಾರಿಸುತ್ತಿದ್ದ. ಎಲ್ಲಿ ಬಯಲು ಕಂಡರೆ ಅಲ್ಲಿ ಇಳಿಯುವುದು ಅವನಿಗೆ ಅಭ್ಯಾಸವಾಗಿತ್ತು. ಕರಾಚಿಯಿಂದ ದಕ್ಷಿಣಕ್ಕೆ ಅಂಚೆಯ ವಿಮಾನ ಓಡಿಸುವ ಯೋಜನೆಯನ್ನು ಅವನು ಜೆ. ಆರ್. ಡಿ. ಅವರ ಮುಂದಿಟ್ಟ. ಸಂಸ್ಥೆಯ ಹಿರಿಯರಾದ ದೊರಾಬ್‌ಜಿ ಟಾಟಾ ಅವರು ಮೊದಲು ಹಿಂಜರಿದರು. ಕೊನೆಗೆ ಎರಡು ಲಕ್ಷ ರೂಪಾಯಿಗಳ ಬಂಡವಾಳಕ್ಕೆ ಒಪ್ಪಿದರು. ಸರ್ಕಾರ ವರ್ಷಗಟ್ಟಲೆ ಎಳೆದಾಡಿ 1932ನೆಯ ಇಸವಿ ಏಪ್ರಿಲಿನಲ್ಲಿ ಕರಾರಿಗೆ ಸಹಿ ಹಾಕಿತು. ಸರ್ಕಾರದಿಂದ ಸಹಾಯಧನವಿಲ್ಲ, ಸಾಗಿಸಿದ ಟಪಾಲಿಗೆ ತಕ್ಕ ಹಣ ಮಾತ್ರ.

1932ನೆಯ ಇಸವಿ ಅಕ್ಟೋಬರ್ 15. ಬೆಳಗಿನ ಆರೂವರೆ ದಾಟಿದ ಹೊತ್ತಿನಲ್ಲಿ ಜೆ. ಆರ್. ಡಿ. ಅವರು ಕರಾಚಿಯ ದ್ರಿಘ್ ರೋಡ್ ನಿಲ್ದಾಣದಿಂದ ಪುಸ್ ಮಾತ್ ಎಂಬ ವಿಮಾನವನ್ನು ಮೇಲಕ್ಕೇರಿಸಿದರು. ಒಂದೇ ಎಂಜಿನ್ನು, ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗ. ಟಪಾಲಿನ ತೂಕ 25 ಕಿಲೋಗ್ರಾಮಿನಷ್ಟು, ಅಂದರೆ ನಮ್ಮ ಮನೆಗಳ ಒಂದು ಸಣ್ಣ ಜೋಳದ ಚೀಲದಷ್ಟು. ಅಹಮದಾಬಾದಿನಲ್ಲಿ ಇಳಿದಾಗ ಎತ್ತಿನ ಗಾಡಿಯ ಮೇಲೆ ಪೆಟ್ರೋಲಿನ ಡಬ್ಬಿಗಳು ಬಂದವು. ಎಂಜಿನ್ನಿನ ಹೊಟ್ಟೆ ತುಂಬಿಸಿಕೊಂಡು ಹೊರಟ ವಿಮಾನ ಮಧ್ಯಾಹ್ನ ಎರಡು ಗಂಟೆಯೊಳಗೆ ಜುಹೂ ಬಯಲಿನಲ್ಲಿ ಇಳಿಯಿತು. ದಕ್ಷಿಣಕ್ಕೆ ಹೋಗಬೇಕಾದ ಚೀಲಗಳನ್ನು ಅಲ್ಲಿ ವಿನ್ಸೆಂಟ್ ವಹಿಸಿಕೊಂಡು ಬಳ್ಳಾರಿಯ ಕಡೆಗೆ ಹಾರಿದ. ಆಗ ಇರುಳಿನ ಹಾರಾಟಕ್ಕೆ ದೀಪದ ಸೌಕರ್ಯವಿರಲಿಲ್ಲವಾದ್ದರಿಂದ ಮದರಾಸು ಮುಟ್ಟುವುದು ಮರುದಿನದ ಮಾತಾಗಿತ್ತು.

ಇಷ್ಟೇನೂ ದೊಡ್ಡ ಸಾಹಸವಲ್ಲವೆಂದು ನಿಮಗೆ ತೋರಬಹುದು. ಆದ್ದರಿಂದ ಆ ಹಾರಾಟದ ಕಷ್ಟವನ್ನು ಸ್ವಲ್ಪ ವಿವರಿಸಬೇಕು. ಆ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಮುಂದಿನ ಊರಿನಲ್ಲಿ ಮಳೆಯೋ ಬಿಸಿಲೋ ಎಂದು ಆಕಾಶದಲ್ಲಿರುವವನಿಗೆ ತಿಳಿಸುವವರಿಲ್ಲ. ಇಂದಿನಂತೆ ಉಪಗ್ರಹ ನೋಡಿ ದಾರಿ ಹೇಳುವ ಯಂತ್ರವಂತೂ ಕನಸಿನಲ್ಲಿಯೂ ಇರಲಿಲ್ಲ. ಚಾಲಕನ ಆಸ್ತಿಯೆಂದರೆ ಒಂದು ದಿಕ್ಸೂಚಿ, ಒಂದು ಗಡಿಯಾರ, ತೊಡೆಯ ಮೇಲೆ ಹರಡಿದ ಭೂಪಟ, ಮತ್ತು ಎರಡು ಕಣ್ಣುಗಳು.

ಒಂದು ಲೆಕ್ಕ ಮಾಡಿ ನೋಡೋಣ. ಮುಂಬಯಿಯಿಂದ ಬಳ್ಳಾರಿಗೆ ನೇರವಾಗಿ ಸುಮಾರು 600 ಕಿಲೋಮೀಟರ್. ಚಾಲಕ ವಿಮಾನದ ಮೂತಿಯನ್ನು ಆಗ್ನೇಯಕ್ಕೆ ಹಿಡಿದು ಹೊರಟಿದ್ದಾನೆ. ಕೊನೆಯ ಎರಡು ಗಂಟೆಗಳ ಕಾಲ ನೈರುತ್ಯದಿಂದ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಪಕ್ಕದಿಂದ ಬೀಸುತ್ತಿದೆ ಎನ್ನಿ. ಹೊಳೆ ದಾಟುವ ಹರಿಗೋಲು ನೀರಿನ ಸೆಳೆತಕ್ಕೆ ಕೆಳಕ್ಕೆ ಸರಿಯುವಂತೆ ವಿಮಾನವೂ ಸರಿಯುತ್ತದೆ. ಎರಡು ಗಂಟೆಗೆ 60 ಕಿಲೋಮೀಟರ್ ಈಶಾನ್ಯಕ್ಕೆ! ಚಾಲಕ ಕೆಳಗೆ ನೋಡಿದರೆ ಬಳ್ಳಾರಿಗೆ ಬದಲು ನಮ್ಮ ಆದೋನಿಯ ಸಮೀಪದ ಹೊಲಗಳು ಕಾಣುತ್ತವೆ. ದಿಕ್ಸೂಚಿ ಮಾತ್ರ ತಪ್ಪಿಲ್ಲವೆಂದೇ ತೋರಿಸುತ್ತಿರುತ್ತದೆ. ಆದ್ದರಿಂದ ಜಾಣನಾದ ಚಾಲಕ ಹೊಗೆ ಯಾವ ಕಡೆಗೆ ಬಾಗಿದೆ, ಕೆರೆಯ ನೀರಿನ ಮೇಲೆ ತೆರೆ ಯಾವ ಕಡೆಗೆ ಓಡುತ್ತಿದೆ, ಹೊಲದ ಮೇಲೆ ಮೋಡದ ನೆರಳು ಎಷ್ಟು ವೇಗದಲ್ಲಿ ಸರಿಯುತ್ತಿದೆ ಎಂಬುದನ್ನು ಗಮನಿಸುತ್ತಾನೆ. ಅದರಿಂದ ಗಾಳಿಯ ಬಲವನ್ನು ಅಂದಾಜು ಮಾಡಿ, ವಿಮಾನದ ಮೂತಿಯನ್ನು ಗಾಳಿ ಬರುವ ಕಡೆಗೆ ಅಷ್ಟೇ ತಿರುಗಿಸಿ ಹಿಡಿಯುತ್ತಾನೆ.

ಇದಲ್ಲದೆ ನೆಲದ ಗುರುತುಗಳನ್ನು ಅವನು ಬಾಯಿಪಾಠ ಮಾಡಿರಬೇಕು. ಸಹ್ಯಾದ್ರಿಯ ಸಾಲು ದಾಟಿದ ಮೇಲೆ ಕೃಷ್ಣೆ, ಆಮೇಲೆ ತುಂಗಭದ್ರೆ. ರೈಲಿನ ಕಂಬಿಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ತಿಳಿದಿರಬೇಕು. ಬಯಲ ನಡುವೆ ಒಂದೇ ಬಂಡೆಯಂತೆ ನಿಂತ ಬೆಟ್ಟ, ಅದರ ನೆತ್ತಿಯ ಮೇಲೆ ಕೋಟೆ ಕಂಡರೆ ಬಳ್ಳಾರಿ. ಗುಡ್ಡಗಳ ಗುಂಪು, ಅದರ ಮೇಲೆ ಹಬ್ಬಿದ ಕೋಟೆ ಕಂಡರೆ ಆದೋನಿ. ದನ ಕಾಯುವ ಹುಡುಗ ಮರ, ಗುಂಡು, ಹಳ್ಳಗಳ ಗುರುತಿನಿಂದಲೇ ದಾರಿ ಹಿಡಿಯುವುದಿಲ್ಲವೇ? ಆಕಾಶದ ದಾರಿಕಾರನ ವಿದ್ಯೆಯೂ ಅದೇ. ಆದರೆ ಅವನಿಗೆ ನಿಂತು ಯೋಚಿಸುವ ಅವಕಾಶವಿಲ್ಲ. ಪೆಟ್ರೋಲು ಮುಗಿಯುತ್ತಲೇ ಇರುತ್ತದೆ, ಹೊತ್ತು ಇಳಿಯುತ್ತಲೇ ಇರುತ್ತದೆ.

ಇಳಿಯುವ ಕಷ್ಟ ಬೇರೆ. ವಿಮಾನ ಗಾಳಿಗೆ ಎದುರಾಗಿ ಇಳಿದರೆ ನೆಲದ ಮೇಲಿನ ಓಟ ಕಡಿಮೆಯಾಗುತ್ತದೆ, ಚಿಕ್ಕ ಬಯಲೂ ಸಾಲುತ್ತದೆ. ವೇಗ ಹೆಚ್ಚಾದರೆ ಬಯಲು ಮುಗಿದು ಬದುವಿಗೆ ಬಡಿಯುತ್ತದೆ. ತೀರ ಕಡಿಮೆಯಾದರೆ ರೆಕ್ಕೆಗಳು ಭಾರ ಹೊರಲಾರದೆ ವಿಮಾನ ಕುಸಿಯುತ್ತದೆ. ಈ ಎರಡರ ನಡುವಿನ ಕೂದಲೆಳೆಯ ಅಂತರವನ್ನು ಕೈಯ ಅನುಭವದಿಂದಲೇ ತಿಳಿಯಬೇಕು. ನೆಲದ ಗುಣವನ್ನೂ ಮೇಲಿನಿಂದಲೇ ಓದಬೇಕು. ನಮ್ಮ ಎರೆಭೂಮಿ ಬೇಸಗೆಯಲ್ಲಿ ಕಲ್ಲಿನಂತಿದ್ದು, ಒಂದು ಮಳೆ ಬಿದ್ದರೆ ಬಂಡಿಯ ಗಾಲಿಯನ್ನೇ ನುಂಗುವುದನ್ನು ನೀವೆಲ್ಲ ಕಂಡಿದ್ದೀರಿ. ಅಂಥ ನೆಲದಲ್ಲಿ ವಿಮಾನ ಇಳಿದರೆ ಗಾಲಿ ಹೂತು ಮುಗ್ಗರಿಸುವುದು ಖಂಡಿತ. ಮುಂಬಯಿಯ ಜುಹೂ ಬಯಲೂ ಸಮುದ್ರದ ಪಕ್ಕದ ತಗ್ಗು ನೆಲ. ಮಳೆಗಾಲದಲ್ಲಿ ಅದು ಕೆಸರಿನ ಮಡುವಾಗುತ್ತಿತ್ತು. ಆಗ ಜೆ. ಆರ್. ಡಿ. ಮತ್ತು ಸಂಗಡಿಗರು ತಮ್ಮ ವಿಮಾನ, ಸಾಮಾನುಗಳೊಡನೆ ಪುಣೆಗೆ ಹೋಗಿ ಅಲ್ಲಿಂದ ಟಪಾಲು ನಡೆಸುತ್ತಿದ್ದರು.

ಇಷ್ಟೆಲ್ಲ ಅಡಚಣೆಗಳ ನಡುವೆ ಆ ಸೇವೆ ಹೇಗೆ ನಡೆಯಿತು ಗೊತ್ತೇ? ಮೊದಲ ವರ್ಷದಲ್ಲಿ ವಿಮಾನಗಳು 1,60,000 ಮೈಲಿ ಹಾರಿದವು. 155 ಪ್ರಯಾಣಿಕರನ್ನೂ ಸುಮಾರು ಹತ್ತು ಟನ್ ಟಪಾಲನ್ನೂ ಸಾಗಿಸಿದವು. 60,000 ರೂಪಾಯಿ ಲಾಭವೂ ಬಂತು. ಮಳೆಗಾಲದಲ್ಲಿ ಸಹ್ಯಾದ್ರಿಯ ಮೇಲೆ ಮೋಡ ಕವಿದಿದ್ದರೂ ಟಪಾಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಸರ್ಕಾರದ ವಿಮಾನಯಾನ ಇಲಾಖೆಯೇ ತನ್ನ ವರದಿಯಲ್ಲಿ ಇದನ್ನು ಮೆಚ್ಚಿ ಬರೆಯಿತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಆಕಾಶದಲ್ಲಿ ಲಾಗ ಹಾಕಿ ಜನರಿಂದ ಚಪ್ಪಾಳೆ ಪಡೆಯುವುದು ಒಂದು ಬಗೆಯ ಧೈರ್ಯ. ವಾರ ವಾರವೂ, ನೋಡುವವರು ಯಾರೂ ಇಲ್ಲದಿದ್ದಾಗಲೂ, ಬೇರೆಯವರ ಕಾಗದಗಳನ್ನು ಹೊತ್ತು ಹೇಳಿದ ಹೊತ್ತಿಗೆ ಹೇಳಿದ ಊರನ್ನು ಮುಟ್ಟುವುದು ಅದಕ್ಕಿಂತ ಹಿರಿದಾದ ಧೈರ್ಯ. ಎರಡನೆಯದಕ್ಕೆ ಎಚ್ಚರ ಬೇಕು, ಲೆಕ್ಕ ಬೇಕು, ಮೋಡ ಕಪ್ಪಾಗಿ ಕಂಡರೆ ಹಿಂದಿರುಗುವ ವಿವೇಕ ಬೇಕು. ಜೆ. ಆರ್. ಡಿ. ಅವರ ಜಾಣತನ ಈ ಎರಡನೆಯ ಬಗೆಯದು. ಈಜಿಪ್ಟಿನಲ್ಲಿ ಬದಲಿ ಪ್ಲಗ್ಗುಗಳು ಅವರ ಬಳಿ ಇದ್ದದ್ದು ಅದೃಷ್ಟದಿಂದಲ್ಲ, ಹೊರಡುವ ಮೊದಲೇ ಯೋಚಿಸಿ ತಂದಿದ್ದರಿಂದ.

ಮುಂದಿನ ಕಥೆ ನಿಮಗೆ ಸ್ವಲ್ಪ ತಿಳಿದಿರಬಹುದು. 1938ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಅವರು ಟಾಟಾ ಸಂಸ್ಥೆಗಳ ಅಧ್ಯಕ್ಷರಾದರು. 1942ರಲ್ಲಿ ಒಂದು ದುಃಖ ಎದುರಾಯಿತು. ಮಹಾಯುದ್ಧದ ಆ ದಿನಗಳಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ವಿಮಾನದಲ್ಲಿ ಹೊರಟ ನೆವಿಲ್ ವಿನ್ಸೆಂಟ್ ಹಿಂದಿರುಗಲೇ ಇಲ್ಲ. ಬಳ್ಳಾರಿಗೆ ಟಪಾಲು ತಂದ ಆ ಗೆಳೆಯನನ್ನು ಕಳೆದುಕೊಂಡ ಜೆ. ಆರ್. ಡಿ. ಇಬ್ಬರೂ ಕೂಡಿ ಕಂಡ ಕನಸನ್ನು ಕೈಬಿಡಲಿಲ್ಲ. ಅವರ ವಿಮಾನ ಸಂಸ್ಥೆ 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು ತಾಳಿತು. 1948ನೆಯ ಇಸವಿ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಎಂಬ ದೊಡ್ಡ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹಾರಿತು. 1953ರಲ್ಲಿ ಸರ್ಕಾರ ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಣ ಮಾಡಿತು. ಜೆ. ಆರ್. ಡಿ. ಅವರಿಗೆ ಇದು ಇಷ್ಟವಿರಲಿಲ್ಲ. ಆದರೂ ಸರ್ಕಾರ ಕೇಳಿಕೊಂಡಾಗ ಏರ್ ಇಂಡಿಯಾದ ಅಧ್ಯಕ್ಷತೆಯನ್ನು ಹೊತ್ತು ಕಾಲು ಶತಮಾನ ದುಡಿದರು. ವಿಮಾನದಲ್ಲಿ ಪ್ರಯಾಣ ಮಾಡುವಾಗಲೆಲ್ಲ ಸಣ್ಣಪುಟ್ಟ ಲೋಪಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಒಮ್ಮೆ ಕಚೇರಿಯ ಮೇಜು ಕೊಳೆಯಾಗಿದ್ದುದನ್ನು ಕಂಡು ತಾವೇ ಬಟ್ಟೆ ತರಿಸಿ ಒರೆಸಿದರಂತೆ. 1978ರಲ್ಲಿ ಅಂದಿನ ಸರ್ಕಾರ ಅವರನ್ನು ಆ ಸ್ಥಾನದಿಂದ ತೆಗೆಯಿತು. ತಮ್ಮ ಕೈಯಿಂದಲೇ ನೆಟ್ಟು ಬೆಳೆಸಿದ ಗಿಡದಿಂದ ದೂರ ಸರಿಯಬೇಕಾದಾಗ ಅವರಿಗಾದ ನೋವು ಸಣ್ಣದಲ್ಲ.

ಆ ನೋವಿಗೆ ಅವರು ಕೊಟ್ಟ ಉತ್ತರ ಅವರ ಸ್ವಭಾವಕ್ಕೆ ತಕ್ಕುದಾಗಿತ್ತು. ಮೊದಲ ಟಪಾಲು ಹಾರಿ ಐವತ್ತು ವರ್ಷ ತುಂಬಿದ 1982ನೆಯ ಇಸವಿ ಅಕ್ಟೋಬರ್ 15ರಂದು, ಎಪ್ಪತ್ತೆಂಟರ ವಯಸ್ಸಿನಲ್ಲಿ, ಲೆಪರ್ಡ್ ಮಾತ್ ಎಂಬ ಹಳೆಯ ಕಾಲದ ಪುಟ್ಟ ವಿಮಾನದಲ್ಲಿ ಕುಳಿತು ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಹಾರಿ ಬಂದರು. ಈ ನಡುವೆ ಕರಾಚಿ ಬೇರೆ ದೇಶಕ್ಕೆ ಸೇರಿತ್ತು, ದೊಡ್ಡ ಜೆಟ್ ವಿಮಾನಗಳ ಕಾಲ ಬಂದಿತ್ತು. ಆದರೆ ಜುಹೂ ಬಯಲೂ ಆ ಕೈಗಳ ಹಿಡಿತವೂ ಹಾಗೆಯೇ ಇದ್ದವು. ಆ ದಿನ ಅಲ್ಲಿ ನೆರೆದ ತರುಣರು ಕಂಡದ್ದು ಒಬ್ಬ ವೃದ್ಧನ ಆಟವನ್ನಲ್ಲ, ಐವತ್ತು ವರ್ಷ ಆರದೆ ಉಳಿದ ಶ್ರದ್ಧೆಯನ್ನು.

1988ರಲ್ಲಿ ಬೆಂಗಳೂರಿನಲ್ಲಿ ಉನ್ನತ ಅಧ್ಯಯನಗಳ ರಾಷ್ಟ್ರೀಯ ಸಂಸ್ಥೆಯ ಸ್ಥಾಪನೆಗೆ ಅವರು ಕಾರಣರಾದರು. ಪದವಿಯಿಲ್ಲದ ಮನುಷ್ಯ ವಿದ್ವಾಂಸರಿಗಾಗಿ ಮನೆ ಕಟ್ಟಿಸಿದ್ದು ಒಂದು ವಿಶೇಷ. 1992ರಲ್ಲಿ ಭಾರತ ಸರ್ಕಾರ ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. 1993ನೆಯ ಇಸವಿ ನವೆಂಬರ್ 29ರಂದು ಜಿನೀವಾದಲ್ಲಿ ಅವರು ಕಣ್ಣು ಮುಚ್ಚಿದರು. ಅವರು ಕಟ್ಟಿದ ಏರ್ ಇಂಡಿಯಾ 2022ರ ಜನವರಿಯಲ್ಲಿ ಮತ್ತೆ ಟಾಟಾ ಸಂಸ್ಥೆಯ ಕೈಗೆ ಬಂದಿತು. ಅದನ್ನು ನೋಡಲು ಅವರಿರಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಗಡಿನಾಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಒಂದು ಅಳುಕು ಇರುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್. ಇದರಲ್ಲಿ ನಾವು ಮುಂದೆ ಬಂದೇವೇ ಎಂಬ ಅಳುಕು. ತಂದೆ ತಾಯಿಯರಿಗೂ ಈ ಚಿಂತೆ ಇಲ್ಲದೆ ಇಲ್ಲ. ಫ್ರೆಂಚಿನಲ್ಲಿ ಓದಿ ಬೆಳೆದ ಹುಡುಗನೊಬ್ಬ ಇಪ್ಪತ್ತರ ಹೊತ್ತಿಗೆ ಇಂಗ್ಲಿಷ್ ಕಲಿತು, ಪದವಿಯ ಬಲವಿಲ್ಲದೆ, ಈ ದೇಶದ ಆಕಾಶಕ್ಕೆ ದಾರಿ ಹಾಕಿದ. ಅವನು ಸಿರಿವಂತರ ಮನೆಯಲ್ಲಿ ಹುಟ್ಟಿದ್ದು ನಿಜ. ಆದರೆ ಪಕ್ಕದಿಂದ ಬೀಸುವ ಗಾಳಿ ಸಿರಿವಂತನ ವಿಮಾನವೆಂದು ಸುಮ್ಮನಿರುವುದಿಲ್ಲ. ಅಲ್ಲಿ ಉಳಿಸುವುದು ಕಲಿತ ವಿದ್ಯೆ ಮಾತ್ರ. ನಾವು ಹಿಡಿದ ದಿಕ್ಕು ಸರಿಯಾಗಿದ್ದರೂ ಗಾಳಿ ನಮ್ಮನ್ನು ಬೇರೆಡೆಗೆ ಸರಿಸುತ್ತಿರಬಹುದು. ಆಗಾಗ ಕೆಳಗೆ ನೋಡಿ, ನದಿ ಬೆಟ್ಟಗಳ ಗುರುತು ಹಿಡಿದು, ದಾರಿಯನ್ನು ತಿದ್ದಿಕೊಳ್ಳುವವನು ಊರು ಸೇರುತ್ತಾನೆ.

ಇನ್ನೊಮ್ಮೆ ನೀವು ಹೊಲದ ಬದುವಿನಲ್ಲಿ ನಿಂತಾಗ ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ಕತ್ತೆತ್ತಿ ನೋಡಿ. ಒಂದು ಸಣ್ಣ ಟಪಾಲಿನ ಚೀಲಕ್ಕಾಗಿ ಪ್ರಾಣವನ್ನು ಪಣವಿಟ್ಟು, ಎಚ್ಚರದಿಂದ ಹಾರಿ ಬಂದ ಆ ಇಬ್ಬರು ಗೆಳೆಯರನ್ನು ನೆನೆಯಿರಿ.